ಒಲೆ ಮೂರು, ಬಾವಿ ಒಂದೇ

ಹೊಸನಗರ ತಾಲ್ಲೂಕಿನ ಒಂದು ಊರಿನ ವಾಚನಾಲಯ. ಹಂಚಿನ ಮಾಡು, ಹೊರಗೆ ಜುಲೈ ತಿಂಗಳ ಮಳೆ, ಒಳಗೆ ನಾಲ್ಕು ಹಳೇ ಕಂಪ್ಯೂಟರು. ನಾವು ಎರಡು ತಿಂಗಳು ಕೂತು ಬರೆದ ಬ್ರೌಸರನ್ನು ಮೊದಲ ಸಲ ಅಲ್ಲಿ ಹಾಕಿದ್ದೆವು. ಐಕಾನ್ ಒತ್ತಿದೆ. ಹಾರ್ಡ್ ಡಿಸ್ಕಿನ ದೀಪ ಮಿಣಮಿಣ ಅಂತಲೇ ಇತ್ತು, ಪರದೆ ಮೇಲೆ ಏನೂ ಇಲ್ಲ. ವಾಚನಾಲಯ ನೋಡಿಕೊಳ್ಳುವ ರಿಟೈರ್ಡ್ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು.

"ಎಂತ ಮಾರಾಯ, ಇದು ಏಳ್ತದಾ, ಇಲ್ಲ ಹೀಗೇ ಮಲಗ್ತದಾ?"

"ಏಳ್ತದೆ ಸಾರ್. ಮೊದಲ ಸಲ ಸ್ವಲ್ಪ ನಿಧಾನ."

ಎದ್ದಿತು. ಒಂದು ಪುಟ ತೆರೆಯಿತು. ಎರಡನೇದು ತೆರೆಯುವಾಗ ಮೌಸೇ ನಿಂತುಹೋಯಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ನಿಜ ಹೇಳ್ತೀನಿ, ಕರೆಂಟ್ ಹೋಗಿದ್ದಕ್ಕೆ ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

ನಾವು ಮೂರು ಜನ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಆಫೀಸು. ನಾನು ಆಂಡ್ರಾಯ್ಡ್ ಕೆಲಸದವನು. ಇನ್ನೊಬ್ಬ ಗೆಳೆಯ, ಲಿನಕ್ಸ್ ಅಂದರೆ ಊಟ ಮರೆಯುವ ಪೈಕಿ. ಸಾಗರದ ಹುಡುಗಿಯೊಬ್ಬಳು ವಿಂಡೋಸ್ ನೋಡಿಕೊಳ್ಳುತ್ತಾಳೆ. ನಮ್ಮಿಬ್ಬರ ಜಗಳ ಬಿಡಿಸುವ ಕೆಲಸವೂ ಅವಳದೇ. 2023ರ ಬೇಸಿಗೆಯಲ್ಲಿ ಒಂದು ಟ್ರಸ್ಟಿನವರು ಬಂದರು. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ಅವರ ಸಣ್ಣ ಸಣ್ಣ ವಾಚನಾಲಯಗಳಿವೆ. ಅಲ್ಲಿಗೆ ಒಂದು ಬ್ರೌಸರ್ ಬೇಕು ಅಂದರು. ಮೆನು, ಬಟನ್ ಎಲ್ಲ ಕನ್ನಡದಲ್ಲಿರಬೇಕು. ಟ್ರಸ್ಟ್ ಒಪ್ಪಿದ ಸೈಟುಗಳು ಮಾತ್ರ ತೆರೆಯಬೇಕು. ನೆಟ್ ಇದ್ದಾಗ ಪುಟ ಉಳಿಸಿಕೊಂಡು, ಇಲ್ಲದಾಗ ಓದುವ ಹಾಗಿರಬೇಕು, ಹುಡುಕುವ ಹಾಗೂ ಇರಬೇಕು. ಈ ಕೊನೇದೇ ಮುಖ್ಯ. ಮಳೆಗಾಲದಲ್ಲಿ ಆ ಕಡೆ ಲೈನ್ ಮೇಲೆ ಮರ ಬಿದ್ದರೆ ಸರಿಯಾಗುವುದಕ್ಕೆ ವಾರ ಹಿಡಿದರೂ ಹಿಡಿಯಿತು.

ಬ್ರೌಸರ್ ಬರೆಯುತ್ತೇವೆ ಅಂದರೆ ಎಂಜಿನ್ ಸಮೇತ ಅಂತಲ್ಲ. ಪುಟವನ್ನು ಓದಿ ಪರದೆ ಮೇಲೆ ಚಿತ್ರವಾಗಿ ಬರೆಯುವ ಎಂಜಿನ್ ಇದೆಯಲ್ಲ, ಅದು ದೊಡ್ಡ ದೊಡ್ಡವರೇ ಕೈಬಿಟ್ಟ ಕೆಲಸ. ಒಪೆರಾ ಬ್ರೌಸರಿನವರು 2013ರಲ್ಲಿ ತಮ್ಮ ಪ್ರೆಸ್ಟೊ ಎಂಜಿನ್ ಬಿಟ್ಟು, ಕ್ರೋಮ್ ಬ್ರೌಸರಿನ ಬುಡದಲ್ಲಿರುವ ತೆರೆದ ಕೋಡ್ ಕ್ರೋಮಿಯಮ್ ಕಡೆ ಬಂದರು. ಮೈಕ್ರೋಸಾಫ್ಟ್ ಕೂಡ 2018ರ ಡಿಸೆಂಬರಿನಲ್ಲಿ ತನ್ನ ಎಂಜಿನ್ ಬಿಡುವುದಾಗಿ ಹೇಳಿ, 2020ರ ಜನವರಿಯಲ್ಲಿ ಕ್ರೋಮಿಯಮ್ ಮೇಲೆ ಕಟ್ಟಿದ ಎಡ್ಜ್ ಕೊಟ್ಟಿತು. ಹಾಗಾಗಿ ಎಂಜಿನ್ ಯಾರದ್ದಾದರೂ ತಗೊಳ್ಳಲೇಬೇಕು. ನಮ್ಮ ಪಾಲಿಗೆ ಉಳಿಯುವುದು ಅದರ ಸುತ್ತಲಿನ ಮನೆ. ಕಿಟಕಿ, ಬಟನ್, ವಿಳಾಸದ ಪಟ್ಟಿ, ಉಳಿಸಿದ ಪುಟಗಳ ಲೆಕ್ಕ, ಹುಡುಕಾಟ, ಯಾವ ಸೈಟು ಬಿಡಬೇಕು ಯಾವುದು ಬೇಡ ಅನ್ನುವ ನಿಯಮ. ಇದನ್ನೆಲ್ಲ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರಕ್ಕೂ ಒಂದೇ ಸಲ ಬರೆಯುವುದಾ, ಇಲ್ಲ ಒಂದೊಂದಕ್ಕೂ ಅದರದ್ದೇ ಭಾಷೆಯಲ್ಲಿ, ಅದರದ್ದೇ ಸಾಮಾನು ಇಟ್ಟುಕೊಂಡು ಬೇರೆ ಬೇರೆ ಬರೆಯುವುದಾ? ನಮ್ಮ ತಲೆ ತಿಂದ ಪ್ರಶ್ನೆ ಇದೇ.

ಮೊದಲ ಸಲ ನಾವು ತಲೆ ಕೆಡಿಸಿಕೊಳ್ಳಲೇ ಇಲ್ಲ. ಒಂದೇ ಕೋಡ್ ಅಂತ ಎಲೆಕ್ಟ್ರಾನ್ ಹಿಡಿದೆವು. ಎಲೆಕ್ಟ್ರಾನ್ ಅಂದರೆ ಪ್ರತಿ ಆ್ಯಪಿನ ಜೊತೆಗೂ ಒಂದು ಇಡೀ ಕ್ರೋಮಿಯಮ್ ಕಟ್ಟಿ ಕಳಿಸುವುದು. ನಮ್ಮ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಮೆಮೊರಿ, ಎಲ್ಲ ಬೆಣ್ಣೆಯ ಹಾಗೆ ಓಡಿತು. ಅದೇ ಸಂತೋಷದಲ್ಲಿ ಹೊಸನಗರಕ್ಕೆ ಹೋಗಿದ್ದು, ಅಲ್ಲಿ ಮೇಷ್ಟ್ರ ಮುಂದೆ ಬೆವರಿದ್ದು.

ತಪ್ಪು ಎಲೆಕ್ಟ್ರಾನಿನದಲ್ಲ, ನಮ್ಮದು. ಆ ಯಂತ್ರಗಳಲ್ಲಿ ಏನಿದೆ ಅಂತ ನೋಡುವ ಮೊದಲೇ ಬರೆಯಲು ಕೂತಿದ್ದೆವು. ಹುಡುಗಿ ನೋಡುವ ಮುಂಚೆ ಛತ್ರ ಬುಕ್ ಮಾಡಿದ ಹಾಗೆ. ಆ ನಾಲ್ಕರಲ್ಲಿ ಮೂರು 2 ಜಿಬಿಯವು. ಒಂದಂತೂ 32 ಬಿಟ್ ಪ್ರೊಸೆಸರಿನದು. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಕೈಬಿಟ್ಟಿದೆ, ಎಲೆಕ್ಟ್ರಾನೂ ಆಮೇಲೆ ಬಿಟ್ಟಿತು. ಇನ್ನೊಂದು ಊರಿನಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ ಕ್ರೋಮ್ 109ನೇ ಆವೃತ್ತಿಗೇ ಮಂಗಳ. ಮತ್ತೊಂದು ಕಡೆ ಯಾರೋ ದಾನ ಕೊಟ್ಟ ಆಂಡ್ರಾಯ್ಡ್ ಟ್ಯಾಬುಗಳು. ಎಲೆಕ್ಟ್ರಾನ್ ಆಂಡ್ರಾಯ್ಡ್ ಮೇಲೆ ಓಡುವುದೇ ಇಲ್ಲ. ಅದು ನಮಗೂ ಗೊತ್ತಿತ್ತು. "ಆಮೇಲೆ ನೋಡೋಣ" ಅಂದುಕೊಂಡಿದ್ದೆವು. ಅಂದರೆ ಒಂದೇ ಕೋಡ್ ಅನ್ನುವ ನಮ್ಮ ಮಾತು ಮೊದಲ ದಿನವೇ ಸುಳ್ಳಾಗಿತ್ತು. ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಒಂದೇ ಕೋಡಿನ ಇನ್ನೊಂದು ಸಾಧನ ಫ್ಲಟ್ಟರ್ ಕೂಡ ಒಂದು ವಾರ ಮುಟ್ಟಿ ನೋಡಿದೆವು. ಆ್ಯಪಿನೊಳಗೆ ವೆಬ್ ಪುಟ ತೋರಿಸುವ ಭಾಗಕ್ಕೆ ವೆಬ್‌ವ್ಯೂ ಅನ್ನುತ್ತಾರೆ, ಅದರ ಅಧಿಕೃತ ವೆಬ್‌ವ್ಯೂ ಪ್ಲಗಿನ್ ವಿಂಡೋಸಿಗೂ ಇರಲಿಲ್ಲ, ಲಿನಕ್ಸಿಗೂ ಇರಲಿಲ್ಲ. ಪುಟ ತೋರಿಸಲು ಬಾರದ ಬ್ರೌಸರ್ ಇಟ್ಟುಕೊಂಡು ಏನು ಮಾಡೋದು? ಬಿಟ್ಟೆವು.

ಆ ಮಳೆಗಾಲ ಪೂರ್ತಿ ಕೆಲಸ ನಿಂತಿತು. ಕರೆಂಟಿಲ್ಲದ ಸಂಜೆಗಳಲ್ಲಿ ಫೋನಿನಲ್ಲಿ ಹಳೇ ಬ್ರೌಸರುಗಳ ಕಥೆ ಓದುತ್ತಾ ಕೂತೆ. ನಮಗಿಂತ ಮೊದಲು ಈ ದಾರಿಯಲ್ಲಿ ಎಡವಿದವರು ಯಾರು ಅಂತ ತಿಳಿದರೆ ಒಂಥರಾ ಸಮಾಧಾನ, ಅಲ್ವಾ?

ಆ ಕಾಲದ ದೊಡ್ಡ ಬ್ರೌಸರ್ ನೆಟ್‌ಸ್ಕೇಪ್ 1998ರಲ್ಲಿ ತನ್ನ ಕೋಡ್ ತೆರೆದಿಟ್ಟಿತು, ಅಲ್ಲಿಂದ ಈಗ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಹುಟ್ಟಿತು. ಅವರು ಬಟನ್, ಮೆನುಗಳನ್ನೂ ತಮ್ಮದೇ ಎಂಜಿನ್ನಿನಿಂದ ಬರೆಸಿದರು. ಅದಕ್ಕೆ ಝೂಲ್ ಅನ್ನುವ ಭಾಷೆಯನ್ನೇ ಮಾಡಿಕೊಂಡರು. ಒಂದು ಸಲ ಬರೆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬರುತ್ತದೆ ಅನ್ನುವ ಲೆಕ್ಕ. 2000ದ ನವೆಂಬರಿನಲ್ಲಿ ನೆಟ್‌ಸ್ಕೇಪ್ 6 ಬಂದಾಗ ಅದು ನಿಧಾನ, ಯಾವ ಯಂತ್ರದಲ್ಲೂ ಮನೆಯವನ ಹಾಗೆ ಕಾಣುವುದಿಲ್ಲ ಅಂತ ಜನ ಬೈದರು. ಆ ಸಿಟ್ಟಿನಲ್ಲೇ ಅನ್ನಬೇಕು, ಕೆಲವರು ಅದೇ ಎಂಜಿನ್ ತೆಗೆದುಕೊಂಡು ಮ್ಯಾಕಿಗೆ ಬೇರೆಯೇ ಮನೆ ಕಟ್ಟಿದರು. ಅದು ಕ್ಯಾಮಿನೊ. ಮ್ಯಾಕಿನದ್ದೇ ಬಟನ್ನು, ಮ್ಯಾಕಿನದ್ದೇ ನಡವಳಿಕೆ. ವಿಂಡೋಸಿನಲ್ಲಿ ಕೆ-ಮೆಲಿಯಾನ್, ಲಿನಕ್ಸಿನಲ್ಲಿ ಗೇಲಿಯಾನ್ ಅದಕ್ಕೂ ಮೊದಲೇ ಬಂದಿದ್ದವು. ಚೆನ್ನಾಗಿದ್ದವಂತೆ. ಆದರೆ ಒಂದೊಂದನ್ನೂ ಎಳೆಯಲು ಕೈ ಸಾಲದು. ಕ್ಯಾಮಿನೊ 2013ರಲ್ಲಿ ಬಾಗಿಲು ಹಾಕಿತು.

ನನಗೆ ಮಜಾ ಅನ್ನಿಸಿದ್ದು ಮುಂದಿನ ಕಥೆ. ಕ್ರೋಮ್ 2008ರ ಸೆಪ್ಟೆಂಬರಿನಲ್ಲಿ ವಿಂಡೋಸಿಗೆ ಮಾತ್ರ ಬಂತು. ಮ್ಯಾಕ್, ಲಿನಕ್ಸಿನವರು ಪಕ್ಕಾ ಆವೃತ್ತಿಗೆ 2010ರ ಮೇ ತನಕ ಕಾಯಬೇಕಾಯಿತು. ಯಾಕೆಂದರೆ ಅವರು ಮ್ಯಾಕಿಗೆ ಅದರದ್ದೇ ಸಾಮಾನಾದ ಕೊಕೊದಲ್ಲಿ, ಲಿನಕ್ಸಿಗೆ ಅಲ್ಲಿನ ಜಿಟಿಕೆಯಲ್ಲಿ ಬೇರೆ ಬೇರೆ ಮೈ, ಅಂದರೆ ಕಿಟಕಿ, ಬಟನ್ನು ಬರೆಯುತ್ತಿದ್ದರು. ಆಮೇಲೆ ವರ್ಷಗಳ ಮೇಲೆ ಅದನ್ನೆಲ್ಲ ಕಿತ್ತು, ತಮ್ಮದೇ ವ್ಯೂಸ್ ಅನ್ನುವ ಒಂದೇ ಸಾಮಾನಿಗೆ ತಂದರು. ಅಂದರೆ ನೇಟಿವ್‌ನಿಂದ (ಆಯಾ ಯಂತ್ರದ್ದೇ ಸಾಮಾನಿನಲ್ಲಿ ಬರೆಯುವುದರಿಂದ) ಒಂದೇ ಕೋಡಿಗೆ. ಫೈರ್‌ಫಾಕ್ಸ್ ಆಂಡ್ರಾಯ್ಡಿನಲ್ಲಿ ಸರಿಯಾಗಿ ಇದಕ್ಕೆ ಉಲ್ಟಾ ಹೋಯಿತು. ಮೊದಲು ಝೂಲ್ ಇತ್ತು. ಫೋನಿನಲ್ಲಿ ಏಳಲು ಹೊತ್ತು ಹಿಡಿಯುತ್ತದೆ ಅಂತ 2012ರಲ್ಲಿ ಅದನ್ನು ತೆಗೆದು ಆಂಡ್ರಾಯ್ಡಿನದ್ದೇ ಮೈ ಹಾಕಿದರು. ಆ ಕಡೆಯ ಬಸ್ಸು ಈ ಕಡೆಗೆ, ಈ ಕಡೆಯದು ಆ ಕಡೆಗೆ. ಇಬ್ಬರ ಹತ್ತಿರವೂ ಜಾಣರಿಗೆ ಬರ ಇಲ್ಲ. ಯಾರು ಸರಿ ಅಂತ ಕೇಳುವುದೇ ತಪ್ಪು ಅಂತ ಆಗ ಅನ್ನಿಸಿತು. ಇಬ್ಬರೂ ತಮ್ಮ ತಮ್ಮ ಎಂಜಿನ್ನನ್ನು ಎಲ್ಲ ಯಂತ್ರಕ್ಕೂ ಒಂದೇ ಇಟ್ಟುಕೊಂಡಿದ್ದರು. ಗೆರೆ ಎಲ್ಲಿ ಎಳೆಯೋದು ಅನ್ನುವುದನ್ನಷ್ಟೇ ಬದಲಿಸಿದ್ದು.

ಇಷ್ಟು ಓದಿ ನಾನು ಜಾಣನಾದೆ ಅಂದುಕೊಳ್ಳಬೇಡಿ. ಮಳೆ ಕಡಿಮೆಯಾದ ಮೇಲೆ ನಾವು ಮಾಡಿದ್ದು ಎರಡನೇ ತಪ್ಪು. ಪೂರ್ತಿ ನೇಟಿವ್.

ಲಿನಕ್ಸಿಗೆ ಗೆಳೆಯ ರಸ್ಟ್ ಭಾಷೆಯಲ್ಲಿ ಜಿಟಿಕೆ ಇಟ್ಟುಕೊಂಡು ಬರೆದ. ಪುಟ ತೋರಿಸಲು ವೆಬ್‌ಕಿಟ್ ಜಿಟಿಕೆ. ವಿಂಡೋಸಿಗೆ ಸಾಗರದ ಹುಡುಗಿ ಸಿ ಶಾರ್ಪಿನಲ್ಲಿ, ವೆಬ್‌ವ್ಯೂ 2 ಹಾಕಿ. ನಾನು ಕೋಟ್ಲಿನ್‌ನಲ್ಲಿ, ಆಂಡ್ರಾಯ್ಡಿನ ವೆಬ್‌ವ್ಯೂ ಹಾಕಿ. ಆಯಾ ಯಂತ್ರದಲ್ಲಿ ಮೊದಲೇ ಇರುವ ಎಂಜಿನ್ ಬಳಸಿದ್ದರಿಂದ ನೂರು ಎಂಬಿಯ ಗಂಟು ಕೆಲವೇ ಎಂಬಿಗೆ ಇಳಿಯಿತು. 32 ಬಿಟ್ಟಿನ ಆ ಮುದಿ ಯಂತ್ರಕ್ಕೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆವು. ಅದರಲ್ಲಿ ವೆಬ್‌ಕಿಟ್ ಓಡಿತು ಅನ್ನಲಾರೆ, ನಡೆಯಿತು. ವಿಂಡೋಸಿನಲ್ಲಿ ಮಾತ್ರ ಮೆಮೊರಿ ಅಷ್ಟೇನೂ ಉಳಿಯಲಿಲ್ಲ. ವೆಬ್‌ವ್ಯೂ 2 ಒಳಗಿರುವುದೂ ಕ್ರೋಮಿಯಮ್ಮೇ ತಾನೆ. ಇನ್‌ಸ್ಟಾಲ್ ಸಣ್ಣದಾಯಿತು, ಅದೇ ಲಾಭ. ವಿಂಡೋಸ್ 7 ಇದ್ದ ಯಂತ್ರಗಳಿಗೂ ಲಿನಕ್ಸನ್ನೇ ಹಾಕಿ ಕೈ ತೊಳೆದುಕೊಂಡೆವು.

ನೋಡಲು ಚಂದ ಇತ್ತು. ಇದನ್ನು ಒಪ್ಪಿಕೊಳ್ಳಬೇಕು. ಎಲೆಕ್ಟ್ರಾನಿನಲ್ಲಿ ನಾನು ಬಟನ್ನಿನ ಎತ್ತರ ಇಷ್ಟೇ ಪಿಕ್ಸೆಲ್ ಅಂತ ಕಟ್ಟಿಹಾಕಿದ್ದೆ. ಇಂಗ್ಲಿಷಿನಲ್ಲಿ ಬರೆದು ನೋಡಿದ್ದೆ, ಸರಿಯಾಗಿತ್ತು. ಕನ್ನಡ ಹಾಕಿದಾಗ ತೀರ್ಥಹಳ್ಳಿಯ ಒತ್ತಕ್ಷರ ಕೆಳಗೆ ಅರ್ಧ ಕತ್ತರಿಸಿ ಹೋಗಿತ್ತು. ನಮ್ಮ ಅಕ್ಷರಕ್ಕೆ ಕೆಳಗೂ ಜಾಗ ಬೇಕು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರೆ ಇನ್ನೂ ಜಾಸ್ತಿ ಬೇಕು. ಜಿಟಿಕೆಯ ಬಟನ್ನು ಅಕ್ಷರಕ್ಕೆ ತಕ್ಕ ಹಾಗೆ ತಾನೇ ಬೆಳೆಯಿತು. ಟೈಪ್ ಮಾಡುವುದೂ ಅಷ್ಟೇ. ಮೇಷ್ಟ್ರು ಟೈಪ್ ಮಾಡುವುದು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲಿ, ಮಕ್ಕಳದ್ದು ಫೋನಿನ ಅಭ್ಯಾಸ. ಯಂತ್ರದಲ್ಲಿ ಏನು ಹೊಂದಿಸಿದ್ದಾರೋ ಅದು ನಮ್ಮ ಪೆಟ್ಟಿಗೆಯಲ್ಲೂ ಸುಮ್ನೆ ಬಂತು. ನಾವು ಒಂದು ಸಾಲೂ ಬರೆಯಲಿಲ್ಲ.

ತೊಂದರೆ ಶುರುವಾಗಿದ್ದು ಒಳಗೆ. ಒಂದು ದಿನ ತೀರ್ಥಹಳ್ಳಿ ಕಡೆಯ ವಾಚನಾಲಯದಿಂದ ಫೋನ್. ಟ್ಯಾಬಿನಲ್ಲಿ ಬಿಡಬಾರದ ಸೈಟು ತೆರೆಯುತ್ತಿದೆ. ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ನೋಡಿದರೆ ತಪ್ಪು ನನ್ನದೇ. ಪಟ್ಟಿಯಲ್ಲಿ "ಶಾಲೆ.ಇನ್" ಇದೆ ಅಂತಿಟ್ಟುಕೊಳ್ಳಿ. ವಿಳಾಸದ ಕೊನೆ ಇದೇ ಆಗಿದ್ದರೆ ಬಿಡು ಅಂತ ನಾನು ಬರೆದಿದ್ದೆ. ಹಾಗಾದರೆ "ಕಳ್ಳಶಾಲೆ.ಇನ್" ಕೂಡ ಒಳಗೆ ಬಂತಲ್ಲ! ಅದಕ್ಕಿಂತ ಮೊದಲು ಒಂದು ಚುಕ್ಕಿ ಇದೆಯಾ ಅಂತ ನೋಡಬೇಕಿತ್ತು. ಮಿಕ್ಕ ಇಬ್ಬರೂ ನೋಡಿದ್ದರು, ನಾನು ನೋಡಿರಲಿಲ್ಲ. ಒಂದೇ ನಿಯಮ, ಮೂರು ಜನ, ಮೂರು ಥರ.

ಹುಡುಕಾಟದ್ದು ಇನ್ನೊಂದು ಪುರಾಣ. "ಶಿವಮೊಗ್ಗ" ಅಂತ ಹುಡುಕಿದರೆ ವಿಂಡೋಸಿನಲ್ಲಿ ಸಿಗುವ ಪುಟ ಲಿನಕ್ಸಿನಲ್ಲಿ ಸಿಗುತ್ತಿರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡೆವು. ಕಣ್ಣಿಗೆ ಎರಡೂ ಕಡೆ ಒಂದೇ ಪದ. ಆದರೆ ಪ್ರತಿ ಗುರುತಿಗೂ ಒಂದು ಸಂಕೇತ ಕೊಡುವ ಯುನಿಕೋಡಿನಲ್ಲಿ "ಮೊ" ಬರೆಯಲು ಎರಡು ದಾರಿ ಇವೆ. ಒ ಕಾರದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎ ಕಾರದ ಗುರುತು, ಊ ಕಾರದ ಗುರುತು ಎರಡನ್ನೂ ಒಂದರ ಹಿಂದೆ ಒಂದು ಇಡಬಹುದು. ಎರಡೂ ಒಂದೇ ಅಂತ ಯುನಿಕೋಡ್ ನಿಯಮವೇ ಹೇಳುತ್ತದೆ, ಆದರೆ ಹೋಲಿಸುವ ಮೊದಲು ನಾವು ಒಂದು ರೂಪಕ್ಕೆ ತರಬೇಕು. ಸಾಗರದ ಹುಡುಗಿ ತಂದಿದ್ದಳು. ಗೆಳೆಯ ಮರೆತಿದ್ದ. ಆಮೇಲೆ "ಸಾಫ್ಟ್‌ವೇರ್" ಅಂಥ ಪದಗಳ ನಡುವೆ ಕೂರುವ ಕಣ್ಣಿಗೆ ಕಾಣದ ಸಂಕೇತ. ಬರೆದವರು ಅದನ್ನು ಹಾಕಿರುತ್ತಾರೆ, ಹುಡುಕುವವರು ಹಾಕಿರುವುದಿಲ್ಲ. ಅದನ್ನು ಬಿಟ್ಟು ಹೋಲಿಸಬೇಕು ಅಂತ ನಾನೊಬ್ಬನೇ ಬರೆದಿದ್ದೆ. ಹಳೇ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳು ಬೇರೆ ಇದ್ದವು. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಯುನಿಕೋಡಿಗೆ ತಿರುಗಿಸುವ ಉದ್ದನೆಯ ಕೋಷ್ಟಕ ಮೂರು ಕಡೆ ಮೂರು ಪ್ರತಿಯಾಗಿ ಕೂತಿತ್ತು. ಒಂದರಲ್ಲಿ ಅರ್ಕಾವತ್ತು ಸರಿ ಮಾಡಿದರೆ ಇನ್ನೆರಡರಲ್ಲಿ ಹಾಗೇ.

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಹಿಸ್ಸೆಯಾದ ಮನೆ. ಅಜ್ಜನ ಕಾಲದ ದೊಡ್ಡ ಮನೆಯನ್ನು ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂರು ಪಾಲು ಮಾಡಿಕೊಂಡಿದ್ದಾರೆ. ಮೂರು ಒಲೆ, ಮೂರು ಥರದ ಅಡುಗೆ. ದೊಡ್ಡಮ್ಮನ ಸಾರಿಗೆ ಕೈ ಹಾಕಲು ಯಾರಿಗೂ ಧೈರ್ಯ ಇಲ್ಲ. ಬಾವಿ ಮಾತ್ರ ಒಂದೇ. ಅಡಿಕೆ ಒಣಗಿಸುವ ಅಂಗಳವೂ ಒಂದೇ. ಬಾವಿಕಟ್ಟೆ ಮೇಲೆ ಕೂತು ಇದನ್ನೇ ನೋಡುತ್ತಾ ಗೆಳೆಯನಿಗೆ ಮೆಸೇಜ್ ಹಾಕಿದೆ. "ಒಲೆ ಮೂರು ಇರಲಿ, ಬಾವಿ ಒಂದೇ ಮಾಡೋಣ." ಅವನಿಗೆ ಏನೂ ಅರ್ಥವಾಗದೆ "ಹಬ್ಬದಲ್ಲಿ ಏನು ಕುಡಿದ್ಯೋ?" ಅಂತ ಕೇಳಿದ.

ಶಿವಮೊಗ್ಗಕ್ಕೆ ವಾಪಸ್ ಬಂದು ಬೋರ್ಡಿನ ಮೇಲೆ ಗೆರೆ ಎಳೆದೆವು. ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು, ಬೆರಳಿನಿಂದ ಟೈಪ್ ಮಾಡುವುದು ಎಲ್ಲ ಆಯಾ ಯಂತ್ರದ್ದು. ಸರಿ ತಪ್ಪು ಅಂತ ಇರುವುದೆಲ್ಲ ಬಾವಿಗೆ, ಅಂದರೆ ಮೂರಕ್ಕೂ ಸೇರಿದ ಒಂದೇ ಕೋಡಿಗೆ. ಸೈಟಿನ ನಿಯಮ, ಹುಡುಕಾಟ, ಕನ್ನಡ ಪದಗಳನ್ನು ಒಂದು ರೂಪಕ್ಕೆ ತರುವುದು, ನುಡಿಯಿಂದ ಯುನಿಕೋಡ್, ಉಳಿಸಿದ ಪುಟಗಳ ಲೆಕ್ಕ. ಗೆಳೆಯನ ಲಿನಕ್ಸ್ ಕೋಡ್ ಹೇಗೂ ರಸ್ಟಿನಲ್ಲಿತ್ತು. ಅದರಿಂದಲೇ ಈ ಭಾಗಗಳನ್ನು ಕಿತ್ತು ಬೇರೆ ಲೈಬ್ರರಿ ಮಾಡಿದ. ಲೆಕ್ಕ ಇಡಲು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್. ಕೋಟ್ಲಿನ್‌ನಿಂದ ಅದನ್ನು ಕರೆಯಲು ಮೊಜಿಲ್ಲಾದವರೇ ಮಾಡಿದ ಯುನಿಎಫ್ಎಫ್ಐ ಅನ್ನುವ ಸಾಧನ ಸಿಕ್ಕಿತು. ಅವರೂ ಫೈರ್‌ಫಾಕ್ಸಿನ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸಿಂಕ್ ಮಾಡುವ ಭಾಗಗಳನ್ನು ರಸ್ಟಿನಲ್ಲಿ ಒಂದೇ ಕಡೆ ಇಟ್ಟಿದ್ದಾರೆ. ದೊಡ್ಡವರು ನಡೆದ ದಾರಿ ಅಂತ ಗೊತ್ತಾದ ಮೇಲೆ ಸ್ವಲ್ಪ ಧೈರ್ಯ ಬಂತು.

ನಾವು ಯೋಚಿಸದೇ ಸಿಕ್ಕ ಲಾಭ ಒಂದಿದೆ. ಪುಟದಿಂದ ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ತೆಗೆದು ಬರೀ ಬರಹ ಉಳಿಸುವುದಕ್ಕೆ ಫೈರ್‌ಫಾಕ್ಸಿನ ಓದುವ ನೋಟದ ಹಿಂದಿರುವ ರೀಡಬಿಲಿಟಿ ಲೈಬ್ರರಿ ಇದೆ. ಅದು ಜಾವಾಸ್ಕ್ರಿಪ್ಟ್. ಪುಟದ ಒಳಗೇ ಓಡುತ್ತದೆ. ಹಾಗಾಗಿ ಮೂರು ಎಂಜಿನ್ನಿನಲ್ಲೂ ಒಂದೇ ಫೈಲು. ಮೊದಲು ನಾವು ಆಯಾ ಎಂಜಿನ್ನಿನ ಉಳಿಸುವ ಸೌಲಭ್ಯವನ್ನೇ ಬಳಸುತ್ತಿದ್ದೆವು. ಒಂದರಲ್ಲಿ ಉಳಿಸಿದ ಪುಟ ಇನ್ನೊಂದರಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ. ಪೆನ್ ಡ್ರೈವಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಪುಟ ಒಯ್ಯುವ ಟ್ರಸ್ಟಿನವರಿಗೆ ಇದು ದೊಡ್ಡ ತಲೆನೋವಾಗಿತ್ತು. ಈಗ ತೊಳೆದ ಬರಹ, ಚಿತ್ರ ಎರಡನ್ನೂ ನಾವೇ ಇಡುತ್ತೇವೆ.

ಬಾವಿ ಒಂದೇ ಆಯಿತು. ಆದರೆ ಅದು ಗೆಳೆಯನ ಹಿತ್ತಲಲ್ಲಿ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಜನವರಿಯಲ್ಲಿ ಹೊಸ ಆವೃತ್ತಿ ಹಾಕಿದೆವು. ಲಿನಕ್ಸಿನಲ್ಲಿ ಎಲ್ಲ ಸರಿ. ನನ್ನ ಆಂಡ್ರಾಯ್ಡಿನಲ್ಲಿ ಹುಡುಕಿದ ಕೂಡಲೇ ಆ್ಯಪ್ ಬಿದ್ದುಹೋಗುತ್ತಿತ್ತು. ವಿಂಡೋಸಿನಲ್ಲಿ ಹುಡುಕಿದ ಪದ ಬಿಟ್ಟು ಬೇರೆಲ್ಲೋ ಹಳದಿ ಬಣ್ಣ. ನಮ್ಮ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಆಮೇಲೆ ನೋಡಿದರೆ, ಆ ಭಾಗದ ಪರೀಕ್ಷೆಗಳಲ್ಲಿ ಇದ್ದಿದ್ದು ಇಂಗ್ಲಿಷ್ ಪದಗಳು! ಕನ್ನಡ ಬ್ರೌಸರ್ ಬರೆಯುವವರ ಮಾನ ಹೋಗಲು ಇನ್ನೇನು ಬೇಕು?

"ನಾಳೆ ಶಿವಮೊಗ್ಗ" ಅನ್ನುವ ಸಾಲು ತಗೊಳ್ಳಿ. ಅದರಲ್ಲಿ ಶಿವಮೊಗ್ಗ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡಿನಲ್ಲಿ ಎಂಟು ಸಂಕೇತ, ಏಕೆಂದರೆ ಗುಣಿತದ ಗುರುತು, ಒತ್ತು ಕೊಡುವ ವಿರಾಮ ಎಲ್ಲ ಬೇರೆ ಬೇರೆ ಎಣಿಕೆ. ಈ ಸಂಕೇತಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ ಒಂದೊಂದು ಭಾಷೆಯಲ್ಲಿ ಒಂದೊಂದು. ರಸ್ಟ್ ಪದಗಳನ್ನು ಯುಟಿಎಫ್-8 ಅನ್ನುವ ಕ್ರಮದಲ್ಲಿ ಇಡುತ್ತದೆ. ಅಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು, ಅಂದರೆ 24. ಕೋಟ್ಲಿನ್, ಸಿ ಶಾರ್ಪ್ ಎರಡೂ ಯುಟಿಎಫ್-16ರ ಲೆಕ್ಕ. ಅಲ್ಲಿ ಎಂಟೇ. "ನಾಳೆ"ಯ 12 ಬೈಟು, ಒಂದು ಖಾಲಿ ಜಾಗ ಸೇರಿಸಿ, ಪದ 13ರಿಂದ 37ರವರೆಗೆ ಇದೆ ಅಂತ ಬಾವಿ ಹೇಳುತ್ತಿತ್ತು. ನನ್ನ ಆಂಡ್ರಾಯ್ಡಿನ ಲೆಕ್ಕದಲ್ಲಿ ಇಡೀ ಸಾಲಿನ ಉದ್ದವೇ 13. ಸಾಲು ಮುಗಿದ ಮೇಲೆ ಬಣ್ಣ ಹಚ್ಚು ಅಂದರೆ ಅದು ಬೀಳದೆ ಇನ್ನೇನು ಮಾಡೀತು? ಇಂಗ್ಲಿಷಿನಲ್ಲಿ ಎರಡೂ ಲೆಕ್ಕ ಒಂದೇ ಬರುತ್ತದೆ, ಅದಕ್ಕೇ ಪರೀಕ್ಷೆ ಪಾಸು. ಗೆಳೆಯನ ಲಿನಕ್ಸ್ ಮೈ ಕೂಡ ರಸ್ಟಿನಲ್ಲೇ ಇದ್ದುದರಿಂದ ಅವನಿಗೆ ತೊಂದರೆಯೇ ಕಾಣಲಿಲ್ಲ.

ಅವತ್ತು ನಮ್ಮಿಬ್ಬರಿಗೂ ಜೋರಾಗಿಯೇ ಮಾತಾಯಿತು. ನೀನು ತಿರುಗಿಸಿಕೋ ಅಂತ ಅವನು, ನೀನು ಸರಿ ಕೊಡು ಅಂತ ನಾನು. ಸಾಗರದ ಹುಡುಗಿ ಕೆಳಗೆ ಹೋಗಿ ಟೀ ಕುಡಿದು ಬಂದು ಒಂದೇ ಮಾತು ಹೇಳಿದಳು. "ಅಣ್ಣ, ಸಂಖ್ಯೆ ಯಾಕೆ ಕಳಿಸ್ತೀರಿ? ಸಾಲನ್ನೇ ಮೂರು ತುಂಡು ಮಾಡಿ ಕಳಿಸಿ. ಪದಕ್ಕಿಂತ ಮುಂಚಿನದು, ಪದ, ಆಮೇಲಿನದು. ನಡುವಿನ ತುಂಡಿಗೆ ಬಣ್ಣ ಹಚ್ಕೋತೀವಿ." ಅವತ್ತಿನಿಂದ ನಮ್ಮ ಬಾವಿಯಿಂದ ಹೊರಗೆ ಯಾವ ಸ್ಥಾನದ ಸಂಖ್ಯೆಯೂ ಬರುವುದಿಲ್ಲ, ಬರೀ ಪದಗಳು. ಪರೀಕ್ಷೆಯ ಪದಗಳನ್ನೂ ಬದಲಿಸಿದೆವು. ತೀರ್ಥಹಳ್ಳಿ, ಶಿವಮೊಗ್ಗ, ಸ್ತ್ರೀ, ಅರ್ಘ್ಯ. ಯಾವುದರಲ್ಲಿ ಒತ್ತು ಜಾಸ್ತಿಯೋ ಅದಕ್ಕೇ ಮೊದಲ ಮಣೆ.

ಈ ದಾರಿಗೆ ಖರ್ಚಿಲ್ಲ ಅಂತಲ್ಲ. ನೆಟ್ಟಿನಲ್ಲಿ ಫೈಲು ಇಡುವ ಡ್ರಾಪ್‌ಬಾಕ್ಸಿನವರು ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೇ ಕೋಡ್ ಇಟ್ಟಿದ್ದು, 2019ರಲ್ಲಿ ಅದನ್ನು ಬಿಟ್ಟು ಬೇರೆ ಬೇರೆಯೇ ಬರೆಯುತ್ತೇವೆ ಅಂದರು. ಸಾಧನಗಳನ್ನೆಲ್ಲ ತಾವೇ ಕಟ್ಟಿಕೊಳ್ಳಬೇಕು, ಅಂಥ ಕೆಲಸ ಬಲ್ಲವರು ಸಿಗುವುದು ಕಷ್ಟ ಅನ್ನುವುದು ಅವರ ಕಾರಣಗಳಲ್ಲಿ ಸೇರಿತ್ತು. ನಮಗೂ ಅದೇ ಭಯ. ಈಗ ಬಾವಿಯೊಳಗೆ ಇಳಿದು ಕೆಲಸ ಮಾಡಬಲ್ಲವನು ಗೆಳೆಯ ಒಬ್ಬನೇ. ಅವನ ತಂಗಿ ಮದುವೆಗೆ ಅವನು ಹತ್ತು ದಿನ ರಜೆ ಹಾಕಿದಾಗ ಒಂದು ಸಣ್ಣ ನಿಯಮ ಬದಲಿಸಲು ನಾನು ನಾಲ್ಕು ದಿನ ಒದ್ದಾಡಿದೆ. ನನ್ನ ಕೋಟ್ಲಿನ್‌ನಲ್ಲಾಗಿದ್ದರೆ ಅರ್ಧ ಗಂಟೆ. ಆದರೆ ಆ ಅರ್ಧ ಗಂಟೆ ಮೂರು ಕಡೆ ಆಗಬೇಕಿತ್ತು, ಮೂರು ಕಡೆಯೂ ಸರಿಯಾಗಬೇಕಿತ್ತು ಅನ್ನುವುದನ್ನು ನಾಲ್ಕನೇ ದಿನ ರಾತ್ರಿ ನೆನಪು ಮಾಡಿಕೊಂಡೆ. ಸಿಟ್ಟು ಪೂರ್ತಿ ಹೋಯಿತು ಅನ್ನಲಾರೆ.

ಎಂಜಿನ್ ಬೇರೆ ಬೇರೆ ಇರುವುದರ ತಾಪತ್ರಯವೂ ಹಾಗೇ ಇದೆ. ಆಂಡ್ರಾಯ್ಡಿನ ವೆಬ್‌ವ್ಯೂ 5.0ರ ಕಾಲದಿಂದ ಪ್ಲೇ ಸ್ಟೋರಿನ ಮೂಲಕ ಹೊಸದಾಗುತ್ತದೆ. ನೆಟ್ಟೇ ಇಲ್ಲದ ಊರಿನ ಟ್ಯಾಬಿನಲ್ಲಿ ಅದು ಎಲ್ಲಿಂದ ಹೊಸದಾಗಬೇಕು? ಒಂದು ಸೈಟು ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಟ್ಯಾಬಿನಲ್ಲಿ ಬಿಳಿ ಹಾಳೆ ತೋರಿಸುತ್ತದೆ. ಎಲೆಕ್ಟ್ರಾನಿನ ಹಾಗೆ ಎಂಜಿನ್ ನಾವೇ ಕಟ್ಟಿ ಕಳಿಸಿದ್ದರೆ ಈ ಗೋಳು ಇರುತ್ತಿರಲಿಲ್ಲ, ಭಾರ ಇರುತ್ತಿತ್ತು. ಟ್ಯಾಬುಗಳನ್ನು ತಿಂಗಳಿಗೊಮ್ಮೆ ಪೇಟೆಗೆ ತಂದು ಅಪ್‌ಡೇಟ್ ಮಾಡಿಸಿ ಅಂತ ಟ್ರಸ್ಟಿನವರಿಗೆ ಹೇಳಿದ್ದೇವೆ. ಅವರು ತರುವುದು ಮೂರು ತಿಂಗಳಿಗೊಮ್ಮೆ. ತಂದರಲ್ಲ, ಅದೇ ದೊಡ್ಡದು.

ಹೋದ ತಿಂಗಳು ಮತ್ತೆ ಹೊಸನಗರದ ಆ ವಾಚನಾಲಯಕ್ಕೆ ಹೋಗಿದ್ದೆ. 32 ಬಿಟ್ಟಿನ ಮುದುಕ ಇನ್ನೂ ಇದ್ದಾನೆ. ಡೆಬಿಯನ್ 13ರಲ್ಲಿ 32 ಬಿಟ್ಟಿಗೆ ಮೊದಲಿನ ಹಾಗೆ ಪೂರ್ತಿ ಬೆಂಬಲ ಇಲ್ಲ. ಹಾಗಾಗಿ ಅವನ ಆಯುಷ್ಯವೂ ಇಷ್ಟೇ ಅಂತ ಗೊತ್ತು. ಮೇಷ್ಟ್ರು ಅದರ ಮುಂದೆಯೇ ಕೂತು ಅಡಿಕೆ ಕೊಳೆ ರೋಗದ ಬಗ್ಗೆ ಉಳಿಸಿಟ್ಟ ಪುಟ ಹುಡುಕುತ್ತಿದ್ದರು. ನೆಟ್ ಇರಲಿಲ್ಲ. ಪುಟ ಸಿಕ್ಕಿತು, "ಕೊಳೆ" ಅನ್ನುವ ಪದದ ಮೇಲೆ ಸರಿಯಾಗಿ ಹಳದಿ ಬಣ್ಣ ಇತ್ತು.

"ಈಗ ಅಡ್ಡಿಲ್ಲ ಮಾರಾಯ," ಅಂದರು. ಆಮೇಲೆ ಕಪಾಟಿನ ಬೀಗ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಎರಡು ಐಪ್ಯಾಡ್ ತಂದು ಮೇಜಿನ ಮೇಲಿಟ್ಟರು. ಊರಿನವರೊಬ್ಬರ ಮಗ ಅಮೆರಿಕದಿಂದ ಬಂದಾಗ ಕೊಟ್ಟು ಹೋಗಿದ್ದಾನಂತೆ. "ಇದಕ್ಕೂ ಹಾಕಿ ಕೊಡು ಹಂಗಾರೆ."

ಬಾವಿ ಸಿದ್ಧ ಇದೆ. ಯುನಿಎಫ್ಎಫ್ಐ ಐಪ್ಯಾಡಿನ ಸ್ವಿಫ್ಟ್ ಭಾಷೆಗೂ ಸೇತುವೆ ಕೊಡುತ್ತದೆ. ಎಂಜಿನ್ ಯಾವುದು ಅಂತ ಚರ್ಚೆಯೂ ಬೇಡ, ನಮ್ಮ ದೇಶದಲ್ಲಿ ಆ್ಯಪಲ್ ವೆಬ್‌ಕಿಟ್ ಬಿಟ್ಟು ಬೇರೆಯದನ್ನು ಬಿಡುವುದಿಲ್ಲ. ನಾಲ್ಕನೇ ಒಲೆ ಒಂದು ಹೂಡಿದರೆ ಆಯಿತು. ಅದಕ್ಕೆ ಒಂದು ಮ್ಯಾಕ್ ಬೇಕು. ನಮ್ಮ ಮೂವರಲ್ಲಿ ಯಾರ ಹತ್ತಿರವೂ ಇಲ್ಲ. ವಾಪಸ್ ಬರುವಾಗ ರಿಪ್ಪನ್‌ಪೇಟೆಯಲ್ಲಿ ಬಸ್ ನಿಂತಾಗ ಗೆಳೆಯನಿಗೆ ಫೋನ್ ಮಾಡಿ, ಸೆಕೆಂಡ್ ಹ್ಯಾಂಡ್ ಮ್ಯಾಕ್ ಮಿನಿ ಎಷ್ಟಕ್ಕೆ ಸಿಗುತ್ತೆ ನೋಡೋ ಅಂದೆ.